ಪಾಸ್ಟರಣ್ಣನ ಎರಡನೇ ಗೇರು

ಕೋಣಂದೂರಿನ ಪಾಸ್ಟರಣ್ಣ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದ್ದು ಒಬ್ಬ ಲಾರಿ ಡ್ರೈವರ್. ಹತ್ತು ವರ್ಷ ಅವರ ಕೈಕೆಳಗೆ ಕ್ಲೀನರ್ ಆಗಿದ್ದು, ಅವರಿಂದಲೇ ಸ್ಟೇರಿಂಗ್ ಹಿಡಿಯಲು ಕಲಿತ ಹುಡುಗ. ಈಗ ಅವನಿಗೂ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಹುಲಿಕಲ್ಲಿನಲ್ಲಿ ಲಾರಿ ನಿಲ್ಲಿಸಿ ಫೋನ್ ಮಾಡಿದ್ದ. "ಅಣ್ಣ ಹೋದ್ರಂತೆ ಸಾರ್. ಮಣ್ಣಿಗೆ ಹೋಗ್ಲಿಕ್ಕೆ ಆಗ್ತಿಲ್ಲ, ಲೋಡ್ ಇದೆ. ಎರಡನೇ ಗೇರಲ್ಲೇ ಇಳೀತೀನಿ" ಎಂದ. ಬೇರೆ ಏನೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದ ಶ್ರದ್ಧಾಂಜಲಿ ಅದು.

ವಾರವಾರ ಈ ಜಾಗದಲ್ಲಿ ಲಾರಿ, ರಸ್ತೆ, ಚಾಲನೆಯ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಯಂತ್ರಗಳ ಬಗ್ಗೆ ಬರೆದಷ್ಟು ಮನುಷ್ಯರ ಬಗ್ಗೆ ಬರೆದಿಲ್ಲ. ಈ ವಾರ ಒಬ್ಬರ ಬಗ್ಗೆ ಬರೆಯಬೇಕು. ಹೆಸರು ಹಾಕಬೇಡಿ ಎಂದು ಅವರ ಮನೆಯಮ್ಮ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಕೋಣಂದೂರು, ಹುಂಚ, ರಿಪ್ಪನ್‌ಪೇಟೆ ಕಡೆಯ ಲಾರಿಯವರಿಗೆ 'ಪಾಸ್ಟರಣ್ಣ' ಅಂದರೆ ಸಾಕು.

ಅವರು ವಾರದಲ್ಲಿ ಆರು ದಿನ ಲಾರಿ ಓಡಿಸುತ್ತಿದ್ದರು, ಭಾನುವಾರ ಸಭೆ ನಡೆಸುತ್ತಿದ್ದರು. ಸಭೆಯೆಂದರೆ ಬೆರಳೆಣಿಕೆಯ ಮನೆಗಳು. ಕೂಲಿ ಮಾಡುವವರು, ಹೊಲಿಗೆಯವರು, ಗಾರೆ ಕೆಲಸದವರು. ಅಂಥ ಸಭೆಯಿಂದ ಸಂಬಳ ತೆಗೆದುಕೊಳ್ಳಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿಯುತ್ತಾ ಉಪದೇಶ ಮಾಡಿದ್ದನ್ನು, ಯಾರಿಗೂ ಭಾರವಾಗಬಾರದೆಂದು ಹಗಲೂ ರಾತ್ರಿಯೂ ದುಡಿದೆ ಎಂದು ಥೆಸಲೋನಿಕದವರಿಗೆ ಬರೆದದ್ದನ್ನು ಅವರು ನನಗೆ ಒಮ್ಮೆ ಹೇಳಿದ್ದುಂಟು. ನಾನೇ ಕೇಳಿದ್ದಕ್ಕೆ ಹೇಳಿದರು. ಲಾರಿಯೊಳಗೆ ಅವರಾಗಿ ಉಪದೇಶಕ್ಕೆ ಬಾಯಿ ತೆರೆದದ್ದನ್ನು ನಾನು ಕಾಣೆ. ಆ ಕ್ಲೀನರ್ ಹುಡುಗ ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವವನು. ಹೋಗುವ ದಿನ ಅವನ ಕೈಗೆ ಖರ್ಚಿಗೆ ಕಾಸು ಕೊಟ್ಟು ಕಳಿಸುತ್ತಿದ್ದವರು ಪಾಸ್ಟರಣ್ಣ.

ಕಸುಬುದಾರನಾಗಿ ಅವರು ಹೇಗಿದ್ದರು ಎನ್ನುವುದು ಈ ಅಂಕಣದ ಪ್ರಶ್ನೆ. ಲೋಡ್ ಕಟ್ಟುವುದರಿಂದಲೇ ಶುರು ಮಾಡಬೇಕು. ಅಡಿಕೆ ಸೀಸನ್ನಿನಲ್ಲಿ ಅವರು ಶಿವಮೊಗ್ಗದ ಮಂಡಿಗೆ ಚೀಲ ಸಾಗಿಸುತ್ತಿದ್ದರು. ಬೆಳೆಗಾರರೇ ಸೇರಿ 1939ರಲ್ಲಿ ಮ್ಯಾಮ್ಕೋಸ್ ಕಟ್ಟಿಕೊಂಡ ಊರುಗಳಿವು. ಇಲ್ಲಿ ಅಡಿಕೆಯೆಂದರೆ ಮನೆಯ ಮದುವೆ, ಮಕ್ಕಳ ಓದು, ಸೊಸೈಟಿ ಸಾಲ ಎಲ್ಲವೂ. ಸರಕು, ಬೆಟ್ಟೆ, ರಾಶಿ, ಗೊರಬಲು ಯಾವುದಾದರೂ ಸರಿ, ಒಂದು ಹನಿ ನೀರು ಇಳಿದು ಬೂಸ್ಟು ಹಿಡಿದರೆ ದರ ಬಿತ್ತೆಂದೇ ಲೆಕ್ಕ. ಪಾಸ್ಟರಣ್ಣ ಟಾರ್ಪಾಲನ್ನು ಹಿಂದಿನಿಂದ ಮುಂದಕ್ಕೆ ಹೊದಿಸುತ್ತಿದ್ದರು, ಮುಂದಿನದು ಹಿಂದಿನದರ ಮೇಲೆ ಬರುವ ಹಾಗೆ, ಹೆಂಚಿನ ಸಾಲಿನಂತೆ. ಆಗ ಓಡುವ ಗಾಳಿಗೆ ಮಳೆ ನೀರು ಮಡಿಕೆಯೊಳಗೆ ನುಗ್ಗುವುದಿಲ್ಲ. ಹಗ್ಗ ಬಿಗಿದ ಮೇಲೆ ಐದಾರು ಕಿಲೋಮೀಟರ್ ಓಡಿಸಿ, ಇಳಿದು, ಮತ್ತೊಮ್ಮೆ ಬಿಗಿಯುತ್ತಿದ್ದರು. ಲೋಡ್ ಕುಲುಕಿ ತನ್ನ ಜಾಗ ಹಿಡಿದ ಮೇಲೆ ಹಗ್ಗ ಸಡಿಲವಾಗುವುದು ಎಲ್ಲ ಡ್ರೈವರಿಗೂ ಗೊತ್ತು. ಮಳೆಯಲ್ಲಿ ಇಳಿದು ಬಿಗಿಯುವವರು ಕಡಿಮೆ.

ಹೆಂಚಿನ ಮಾತು ಬಂತು. ಮಂಗಳೂರಿನಿಂದ ವಾಪಸು ಬರುವಾಗ ಅವರ ಲಾರಿಯಲ್ಲಿ ಹೆಚ್ಚಾಗಿ ಇರುತ್ತಿದ್ದುದು ಹೆಂಚೇ. ಮಲಗಿಸಿ ಪೇರಿಸಿದರೆ ಒಡೆಯುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಭತ್ತದ ಹುಲ್ಲು ಕೊಟ್ಟು, ಒಂದಕ್ಕೊಂದು ಒತ್ತಿ ಜೋಡಿಸಬೇಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕ್ರೈಸ್ತರಾದ ಕಾರಣಕ್ಕೆ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ನೇಯ್ಗೆ, ಹೆಂಚು ಎರಡೂ ಆ ಅಗತ್ಯದಿಂದ ಬೆಳೆದವು. ಸೋಗೆ, ಹುಲ್ಲು ಹೊದಿಸುತ್ತಿದ್ದ ಮಲೆನಾಡಿನ ಮನೆಗಳಿಗೆ ಮಂಗಳೂರು ಹೆಂಚು ಬಂದದ್ದು ಹೀಗೆ, ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಕೋಣಂದೂರಿನ ಎಷ್ಟೋ ಮಂದಿ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ, ಆದರೆ ಮಿಷನ್ ಹೆಂಚಿನ ನೆರಳಲ್ಲಿ ಹುಟ್ಟಿ ಬೆಳೆದವರು. ದುಡಿಮೆಯನ್ನೂ ದೇವರನ್ನೂ ಒಟ್ಟಿಗೆ ಇಟ್ಟ ಆ ಪರಂಪರೆಗೆ ಪಾಸ್ಟರಣ್ಣ ನೇರ ವಾರಸುದಾರ ಎಂದೇ ನನ್ನ ಎಣಿಕೆ.

ಇನ್ನು ಘಾಟಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ಲಾರಿ ಕುಂದಾಪುರಕ್ಕೆ ಇಳಿಯಬೇಕಾದರೆ ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಬಾಳೆಬರೆ ಘಾಟಿಯನ್ನು ಹಿಡಿಯುವುದು ವಾಡಿಕೆ. ಆ ಘಾಟಿಯಲ್ಲಿ ಒಂದು ಜುಲೈ ರಾತ್ರಿ ಅವರ ಪಕ್ಕ ಕೂತು ಇಳಿದಿದ್ದೇನೆ. ಬಿಡದ ಮಳೆ, ಮೇಲೆ ಮಂಜು. ಹುಲಿಕಲ್ಲಿನ ಚಂಡಿಕಾಂಬೆಯ ಗುಡಿಯೆದುರು ಲಾರಿ ನಿಂತಿತು. ಕ್ಲೀನರ್ ಇಳಿದು ಕಾಸು ಹಾಕಿ ಕೈಮುಗಿದ. ಅಷ್ಟರಲ್ಲಿ ಪಾಸ್ಟರಣ್ಣ ಟಾರ್ಚ್ ಹಿಡಿದು ಲಾರಿಗೆ ಒಂದು ಸುತ್ತು ಬಂದು, ಜಾಕಿ ರಾಡಿನಿಂದ ಒಂದೊಂದು ಟಯರಿಗೂ ಬಡಿದು ಕಿವಿಗೊಟ್ಟರು. ಗಾಳಿ ಸರಿಯಿದ್ದರೆ ಗಟ್ಟಿ ಸದ್ದು, ಕಡಿಮೆಯಿದ್ದರೆ ಬೊದ್ದು ಸದ್ದು. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದರ ಗಾಳಿ ಹೋದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. "ಅವನ ಪೂಜೆ ಮುಗಿಯೋವರೆಗೆ ನನ್ನದೂ ಮುಗೀತದೆ ಮಾರಾಯ" ಎಂದು ಹತ್ತಿ ಕೂತರು.

ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇದು ಹಳೆಯ ನಿಯಮ. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಎಂಜಿನ್ನೇ ಚಕ್ರವನ್ನು ತಡೆಹಿಡಿಯುವಂತೆ ಮಾಡಿ, ಬ್ರೇಕನ್ನು ತಿರುವಿಗೆಂದು ಉಳಿಸಿಕೊಳ್ಳಬೇಕು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು, ನಡುವೆ ಬದಲಿಸಹೊರಟು ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಲಾರಿ ನಮ್ಮದಲ್ಲ. ಅವರು ಕಲಿತದ್ದು ಹಳೆಯ ಟಾಟಾ ಬೆಂಜ್ ಲಾರಿಯಲ್ಲಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಟಾಟಾ ಲಾರಿ ತಯಾರಿಸಲು ಶುರು ಮಾಡಿತು, 1969ಕ್ಕೆ ಆ ಕೂಡಿಕೆ ಮುಗಿಯಿತು, ಲಾರಿಗಳು ಮಾತ್ರ ಮಲೆನಾಡಿನಲ್ಲಿ ಬಹಳ ಕಾಲ ದುಡಿದವು. ಅಂಥ ಹಳೆಯ ಗೇರುಪೆಟ್ಟಿಗೆಗಳಲ್ಲಿ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು, ಹಲ್ಲಿಗೆ ಹಲ್ಲು ಕೂರಿಸಬೇಕಿತ್ತು. ಆಮೇಲೆ ಬಂದ ಲಾರಿಗಳಿಗೆ ಅದು ಬೇಕಿಲ್ಲದಿದ್ದರೂ ಅವರ ಕಾಲು ಆ ಮರ್ಯಾದೆಯನ್ನು ಬಿಡಲಿಲ್ಲ. ಗೇರು ಬಿದ್ದದ್ದು ಪಕ್ಕದಲ್ಲಿ ಕೂತವನಿಗೆ ತಿಳಿಯುತ್ತಿರಲಿಲ್ಲ.

ಆ ರಾತ್ರಿ ಒಂದು ತಿರುವಿನ ಮೊದಲು, ರಸ್ತೆ ಸ್ವಲ್ಪ ಅಗಲವಿದ್ದಲ್ಲಿ, ಅವರು ನಿಲ್ಲಿಸಿಬಿಟ್ಟರು. ನನಗೆ ಕಾರಣ ಹೊಳೆಯಲಿಲ್ಲ. ಸಾಮಾನ್ಯ ರಾತ್ರಿಯಾದರೆ ಎದುರು ಬರುವ ಗಾಡಿಯ ಬೆಳಕು ಮರಗಳ ಮೇಲೆ ಬಿದ್ದು ಮೊದಲೇ ತಿಳಿಯುತ್ತದೆ, ಮಂಜಿನಲ್ಲಿ ಅದೂ ಇಲ್ಲ. ಅವರು ಗಾಜು ಇಳಿಸಿ, ಮಳೆಗೆ ಮುಖ ಕೊಟ್ಟು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಏದುಸಿರು ಬಿಡುತ್ತಾ ಲೋಡ್ ಲಾರಿಯೊಂದು ತಿರುವಿನಲ್ಲಿ ಮೂಡಿ, ನಮ್ಮನ್ನು ಸವರಿಕೊಂಡೇ ಹತ್ತಿ ಹೋಯಿತು. ಆ ಡ್ರೈವರ್ ಕೈಯೆತ್ತಿದ, ಇವರೂ ಎತ್ತಿದರು. "ಹತ್ತೋನು ಒಂದು ಸಲ ನಿಂತ್ರೆ ಮತ್ತೆ ಎಬ್ಬಿಸೋದು ಕಷ್ಟ. ನಮ್ಗೆ ಎಂತ, ಕಾದ್ರಾಯ್ತು" ಎಂದರು. ಘಾಟಿಯಲ್ಲಿ ಹತ್ತಿ ಬರುವ ವಾಹನಕ್ಕೆ ಮೊದಲ ದಾರಿ ಎಂಬುದು ರಸ್ತೆ ನಿಯಮವೂ ಹೌದು. ಅವರ ಬಾಯಲ್ಲಿ ಅದು ನಿಯಮದಂತೆ ಕೇಳಲಿಲ್ಲ.

ಶನಿವಾರ ರಾತ್ರಿ ಅವರು ಲೋಡ್ ಹಿಡಿಯುತ್ತಿರಲಿಲ್ಲ. ಬಾಡಿಗೆ ತಪ್ಪಿತೆಂದು ಮಾಲೀಕರು ಮೊದಮೊದಲು ಗೊಣಗಿದ್ದುಂಟು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ಏಳು ದಿನಕ್ಕೊಂದು ದಿನ ರಜೆ ಎಂದು ಹೇಳಿತ್ತು. ಅದನ್ನು ಓದಿದ ಲಾರಿ ಡ್ರೈವರನ್ನು ನಾನು ನೋಡಿಲ್ಲ, ಆ ರಜೆ ಪಡೆದವರಲ್ಲಿ ಪಾಸ್ಟರಣ್ಣ ಒಬ್ಬರು. ಅವರು ಅದನ್ನು ಇನ್ನೂ ಹಳೆಯ ಗ್ರಂಥದಿಂದ ತಿಳಿದಿದ್ದರು. ಆ ಒಂದು ದಿನ ಮನೆಗೆ ಪೂರ್ತಿ ಸಿಗುತ್ತಿದ್ದರು. ಕುಂದಾಪುರದ ಒಣಮೀನಿನ ಪೊಟ್ಟಣ ಬಿಚ್ಚುವುದು, ಇಬ್ಬರು ಹೆಣ್ಣುಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವುದು, ಹೆಂಡತಿ ಸಭೆಯ ಮಕ್ಕಳಿಗೆ ಹಾಡು ಕಲಿಸುವಾಗ ಹಿಂದಿನ ಬೆಂಚಿನಲ್ಲಿ ಕೂತು ದನಿಗೂಡಿಸುವುದು. ಅವರ ಡೈರಿ ನೋಡಿದ್ದೇನೆ. ಒಂದೇ ಪುಟದಲ್ಲಿ ಡೀಸೆಲ್ ಲೆಕ್ಕ, ದೊಡ್ಡವಳ ಫೀಸು, ಭಾನುವಾರದ ವಾಕ್ಯ.

ಆಯುಧಪೂಜೆಯ ಹಿಂದಿನ ದಿನ ಲಾರಿಯನ್ನು ಅವರಷ್ಟು ಚೊಕ್ಕವಾಗಿ ತೊಳೆಯುವವರು ಇರಲಿಲ್ಲ. ಪೂಜೆಯನ್ನು ಮಾಲೀಕರ ಮನೆಯವರು ಮಾಡುತ್ತಿದ್ದರು, ಇವರು ಬದಿಯಲ್ಲಿ ನಿಂತಿರುತ್ತಿದ್ದರು. ಎಲ್ಲರೂ ಚದುರಿದ ಮೇಲೆ ಪೊರಕೆ ತಂದು, ರಸ್ತೆಯಲ್ಲಿ ಒಡೆದ ಬೂದುಗುಂಬಳದ ಚೂರುಗಳನ್ನು ಪೂರ್ತಿ ಗುಡಿಸುತ್ತಿದ್ದರು. ಬೈಕಿನವರು ಜಾರಿ ಬೀಳುತ್ತಾರೆಂದು. ಅಕ್ಕಪಕ್ಕದ ಲಾರಿಗಳ ಮುಂದಿನದನ್ನೂ ಗುಡಿಸುತ್ತಿದ್ದರು.

ಅವರ ಬಗ್ಗೆ ಯೋಚಿಸಿದಾಗ ನನಗೆ ಮತ್ತೊಬ್ಬ ಪಾದ್ರಿ ನೆನಪಾಗುತ್ತಾರೆ. ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ, ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮೋಳಿಗೆಯ ಮಾರಯ್ಯನ ವಚನಗಳನ್ನು ಸಂಪಾದಿಸಿದವರಲ್ಲಿ ಅವರೂ ಒಬ್ಬರು. ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಹೊತ್ತು ಮಾರಿದ ಶರಣ ಎನ್ನುವುದು ಪ್ರತೀತಿ. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ ಅವನ ಓರಗೆಯವರು. ಹೊರೆ ಹೊರುವವನ ಬಾಯಲ್ಲಿ ದೇವರ ಮಾತು ಬಂದರೆ ನಂಬುವ ನಾಡು ಇದು. ಕೋಣಂದೂರಿನವರು ಪಾಸ್ಟರಣ್ಣನನ್ನು ಬಿಡಿಸಿ ಹೇಳಿಸಿಕೊಳ್ಳದೆಯೇ ಅರ್ಥ ಮಾಡಿಕೊಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅವರ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಹೆಚ್ಚಿನವರು ಸಭೆಯವರಲ್ಲ, ಮಂಡಿಯ ಹಮಾಲರು ಮತ್ತು ಡ್ರೈವರುಗಳು.

ನಾನು ಕಂಡ ಚಾಲಕರಲ್ಲಿ ಅವರಿಗಿಂತ ವೇಗದವರು ಹಲವರಿದ್ದಾರೆ, ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವುದರಲ್ಲಿ ಅವರನ್ನು ಮೀರಿಸಿದವರೂ ಇದ್ದಾರೆ. ಲೋಡ್ ಲಾರಿಯನ್ನು ಮಳೆಯಲ್ಲಿ ಘಾಟಿ ಇಳಿಸುವುದರಲ್ಲಿ ಅವರ ಸಮ ಯಾರನ್ನೂ ಕಂಡಿಲ್ಲ.

ಈ ಮಳೆಗಾಲದಲ್ಲಿ ನಿಮ್ಮಲ್ಲಿ ಹಲವರು ಕಾರಿನಲ್ಲಿ ಬಾಳೆಬರೆ ಇಳಿಯುತ್ತೀರಿ. ಎದುರಿಗೆ ಲೋಡ್ ಲಾರಿ ಹತ್ತಿ ಬರುತ್ತಿದ್ದರೆ ತಿರುವಿನ ಮೊದಲೇ ಬದಿಗೆ ಹಾಕಿ ನಿಲ್ಲಿಸಿ, ಅದು ದಾಟುವವರೆಗೆ ಕಾಯಿರಿ.