ಚೀಟಿ ಕಳಿಸುವ ಕೈ

ಗೋಷ್ಠಿಯ ಅಧ್ಯಕ್ಷರ ಕಸುಬು ಕಾಣುವುದು ಅವರ ಭಾಷಣದಲ್ಲಲ್ಲ, ಚೀಟಿಯಲ್ಲಿ. ಮಡಚಿದ ಸಣ್ಣ ಕಾಗದ, ಒಳಗೆ ‘ಎರಡು ನಿಮಿಷ’, ಅಷ್ಟೇ. ಅದನ್ನು ಮೈಕಿನ ಪಕ್ಕ ಇಡುವುದಕ್ಕೂ ಒಂದು ಹದವಿದೆ: ವಾಕ್ಯ ಮುಗಿದು ಭಾಷಣಕಾರರು ನೀರಿನ ಬಾಟಲಿಗೆ ಕೈ ಚಾಚಿದ ಗಳಿಗೆ. ನಡುವೆ ಇಟ್ಟರೆ ಅವಮಾನ. ತಡವಾದರೆ ಮುಂದಿನವರ ಪ್ರಬಂಧ ಊಟದ ಹೊತ್ತಿಗೆ ಬಲಿ.

ರಾಯಚೂರು ತಾಲ್ಲೂಕಿನ ಚಂದ್ರಬಂಡದ ಕಡೆಯವರಿಗೆ ದೊಡ್ಡ ಗೋಷ್ಠಿ ಎಂದರೆ ರಾಯಚೂರೇ. ನಿಜಾಮರ ಕಾಲದಲ್ಲೇ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆದಿತ್ತು. 82ನೆಯದು ಬಂದದ್ದು 2016ರ ಡಿಸೆಂಬರ್‌ನಲ್ಲಿ. ಅಧ್ಯಕ್ಷರು ಬರಗೂರು ರಾಮಚಂದ್ರಪ್ಪ.

ಗೋಷ್ಠಿ ದೊಡ್ಡದಿರಲಿ ಸಣ್ಣದಿರಲಿ, ಆಶಯ ನುಡಿಯವರು ವಿಷಯಕ್ಕೆ ಬದು ಹಾಕಬೇಕು, ಮಂಡಿಸುವವರು ಆ ಬದುವಿನೊಳಗೇ ಉಳಬೇಕು. ಪ್ರತಿಕ್ರಿಯಿಸುವವರು ಪ್ರಬಂಧವನ್ನು ಮೊದಲೇ ಓದಿರಬೇಕು. (ಓದಿರುತ್ತಾರೆ ಎಂದು ನಾನು ಹೇಳುತ್ತಿಲ್ಲ.) ನಿರೂಪಕರು ಹೆಸರು ತಪ್ಪದೆ ಹೇಳಿದರೆ ಸಾಕು, ನಡುನಡುವೆ ಹನಿಗವನ ಬೇಡ.

ಗೋಷ್ಠಿ ನಡೆಸುವ ಈ ಕಲೆಯಲ್ಲಿ ನನಗೆ ಹಿರಿಯನಾಗಿ ಕಾಣುವವನು ಶೂನ್ಯಸಂಪಾದನೆಯ ಅಲ್ಲಮ. ಅಕ್ಕಮಹಾದೇವಿಗೆ ಅವನು ಹಾಕುವ ಪ್ರಶ್ನೆಗಳು ಬಲು ಬಿರುಸು. ಆದರೆ ಉತ್ತರಕ್ಕೆ ಎಡೆ ಬಿಡುತ್ತಾನೆ, ಆಗ ಸಭೆಯೆಲ್ಲ ಅವಳದೇ.

ಒಳ್ಳೆಯ ಅಧ್ಯಕ್ಷರು ಕೊನೆಗೆ, ಆಹ್ವಾನ ಪತ್ರಿಕೆಯ ಹಿಂಬದಿ ಗೀಚಿಕೊಂಡ ನಾಲ್ಕು ಗುರುತು ನೋಡುತ್ತ, ಮೊದಲ ಪ್ರಬಂಧದ ಪ್ರಶ್ನೆಯನ್ನು ಮೂರನೆಯದರ ಉತ್ತರಕ್ಕೆ ಗಂಟು ಹಾಕುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಊಟದ ಪಾಳಿಗೆ ಎದ್ದಿರುತ್ತಾರೆ.