ಈಸಿಚೇರಿನ ಪರವಾಗಿ

ಈ ವಾರ ಸಿನಿಮಾ ಮಂದಿರದ ಕುಷನ್ ಸೀಟುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆದರೆ ತೀರ್ಥಹಳ್ಳಿ ಕಡೆ ಡೇರೆ ಮೇಳದ ಯಕ್ಷಗಾನ ಆಟದಲ್ಲಿ ಈಸಿಚೇರಿನ ಮೇಲೆ ಬೆಳಗು ಮಾಡಿ ಬಂದವನಿಗೆ ಫೋಮಿನ ಮಾತು ರುಚಿಸುವುದಿಲ್ಲ.

ನೆಲ, ಕುರ್ಚಿ, ಈಸಿಚೇರ್ ಎಂಬ ಟಿಕೆಟ್ಟಿನ ದರ್ಜೆಗಳು ನಿಮಗೆ ಗೊತ್ತೇ ಇವೆ. ಅತಿ ದುಬಾರಿ ಆಸನದಲ್ಲಿ ಮೆತ್ತೆಯ ಸುಳಿವೂ ಇಲ್ಲ ಎನ್ನುವುದೇ ತಮಾಷೆ. ಒಂದರೊಳಗೊಂದು ಮಡಚುವ ಮರದ ಚೌಕಟ್ಟು, ಒಂದು ಪಟ್ಟೆ ಕ್ಯಾನ್ವಾಸು. ಬಟ್ಟೆಯ ಎರಡು ತುದಿಯನ್ನೂ ಮಡಿಸಿ ಹೊಲಿದು ಒಳಗೆ ಕೋಲು ತೂರಿಸಿರುತ್ತಾರೆ. ಹಿಂದಿನ ಹಲ್ಲಿನಲ್ಲಿ ಅಡ್ಡಪಟ್ಟಿ ಎಲ್ಲಿ ಕೂತಿತೋ ಅದೇ ಒರಗುವ ಓರೆ. ಮೊಳೆ ಇಲ್ಲ, ಅಂಟು ಇಲ್ಲ. ಕೊಳೆಯಾದರೆ ಕೋಲು ಎಳೆದು ಒಗೆಯಬಹುದು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಒಣಗಿಸಬಹುದು.

ಫೋಮ್-ರೆಕ್ಸಿನ್ ಪಂಥದವರ ಜೊತೆ ನನ್ನ ಜಗಳ ಹಳೆಯದು. ಈ ಫೋಮಿನ ಮೂಲವಾದ ಪಾಲಿಯುರೆಥೇನನ್ನು ಒಟ್ಟೊ ಬಾಯರ್ 1937ರಲ್ಲಿ ಕಂಡುಹಿಡಿದದ್ದು ಜರ್ಮನಿಯಲ್ಲಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಲ್ಲ. ರೆಕ್ಸಿನ್ನಿಗೆ ನೀರು ತಾಗುವುದಿಲ್ಲ, ನಿಜ. ಆದರೆ ಹೊಲಿಗೆಯಲ್ಲಿ ಸೂಜಿ ಹೋದಲ್ಲೆಲ್ಲ ತೂತು. ಒದ್ದೆ ಪಂಚೆಯ ನೀರು ಅಲ್ಲಿಂದ ಒಳಗಿಳಿದರೆ ಮೇಲೆ ಬರುವ ದಾರಿಯಿಲ್ಲ. ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು, ಆಮೇಲೆ ವಾಸನೆ, ಕೊನೆಗೆ ಯಾವನೋ ಬ್ಲೇಡು ಹಾಕುತ್ತಾನೆ.

ಇನ್ನೊಂದು ಪಂಥ ಕೆತ್ತನೆಯವರದು. ಸಾಗರದ ಗುಡಿಗಾರರ ಕೈಚಳಕಕ್ಕೆ ನಾನೂ ತಲೆಬಾಗುವವನೇ. ಆದರೆ ಗಂಡಭೇರುಂಡ ಕೆಳದಿ ರಾಮೇಶ್ವರನ ಗುಡಿಯ ಛಾವಣಿಯಲ್ಲಿದ್ದರೇ ಚೆಂದ, ನನ್ನ ಬೆನ್ನುಹುರಿಗೆ ಚುಚ್ಚುವುದು ಬೇಡ.

ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯನ್ನು ನಾನು ಆಗಾಗ ತೆರೆಯುತ್ತೇನೆ. ಅವರು ಮನಸೋತದ್ದು ನಮ್ಮ ಚೊಂಬಿಗೆ. ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗ ಭಾರ ಎತ್ತ ವಾಲುತ್ತದೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ತಟ್ಟಿದರೆ ಸದ್ದು ಎಂಥದ್ದು ಎಂದೆಲ್ಲ ಕೇಳುತ್ತಾ ಹೋಗುತ್ತಾರೆ. ಅದೇ ಜೋಡಿ 1962ರಲ್ಲಿ ಅಮೆರಿಕದ ಡಲ್ಲೆಸ್ ಮತ್ತು ಓಹೇರ್ ವಿಮಾನ ನಿಲ್ದಾಣಗಳಿಗೆ ಸಾಲು ಆಸನ ಮಾಡಿಕೊಟ್ಟಿತು: ಅಲ್ಯೂಮಿನಿಯಂ ಚೌಕಟ್ಟುಗಳ ನಡುವೆ ಬಿಗಿದ ತೆಳು ವಿನೈಲ್ ಹಾಸು, ದಾರದ ಹೊಲಿಗೆಯ ಬದಲು ಶಾಖದ ಬೆಸುಗೆ. ಸೂಜಿತೂತಿನ ತಕರಾರು ಅಲ್ಲಿಗೇ ಮುಗಿಯಿತು. ಉದ್ದ ತೊಲೆಯ ಮೇಲೆ ಆಸನಗಳು ಕೂತದ್ದರಿಂದ ಕೆಳಗೆ ಕಸ ಗುಡಿಸುವುದೂ ಸಲೀಸು.

ನಮ್ಮ ಬಸ್ ಸ್ಟ್ಯಾಂಡು, ಆಸ್ಪತ್ರೆಗಳ ತೂತುತೂತಿನ ಸ್ಟೀಲ್ ಸೀಟು ನೋಡಿದಾಗಲೆಲ್ಲ ನನಗೆ ಆ ಸಾಲೇ ನೆನಪಾಗುತ್ತದೆ. ತೊಲೆ ಉಳಿಯಿತು, ಹಾಸು ಹೋಯಿತು. ಜುಲೈ ತಿಂಗಳ ಬೆಳಗಿನ ಆರು ಗಂಟೆಗೆ ಹೊಸನಗರದ ಬಸ್ಸಿಗೆ ಕಾಯುತ್ತಾ ಅದರ ಮೇಲೆ ಕೂತು ನೋಡಿ.

ಹಾಗೆಂದು ಮೇಳದ ಈಸಿಚೇರನ್ನೇ ತಂದು ಬಸ್ ಸ್ಟ್ಯಾಂಡಿನಲ್ಲಿ ಇಡಲಾಗದು. ಮುಂದಿನ ಅಡ್ಡಪಟ್ಟಿ ತೊಡೆಗೆ ಒತ್ತುತ್ತದೆ, ವಯಸ್ಸಾದವರಿಗೆ ಏಳಲು ಕಷ್ಟ, ನಿದ್ದೆ ಹತ್ತಿ ಬಸ್ ತಪ್ಪುವುದಂತೂ ಖಂಡಿತ. ಓರೆ ಕಡಿಮೆ ಮಾಡಿ, ಪಟ್ಟಿ ಎರಡು ಬೆರಳು ತಗ್ಗಿಸಿ, ಊರಿ ಏಳಲು ಕೈ ಕೊಟ್ಟರೆ ಸಾಕು. ಬಟ್ಟೆ ಕದಿಯುತ್ತಾರೆ ಎನ್ನುವಿರಾ? ಕದಿಯಲಿ. ಹೊಸ ಪಟ್ಟೆಗೆ ಎರಡು ಹೊಲಿಗೆ ಹಾಕಲು ಪೇಟೆಯ ಯಾವ ದರ್ಜಿಯಾದರೂ ಆದೀತು; ಹರಿದ ರೆಕ್ಸಿನ್ ಸೀಟಿಗೆ ಶಿವಮೊಗ್ಗದಿಂದಲೇ ಜನ ಬರಬೇಕು.