ಇಸ್ತ್ರಿ ಇಲ್ಲದ ಅಂಗಿಯ ಹಾಡುಗಳು

2010ರ ಕೊನೆಯ ಒಂದು ಭಾನುವಾರ. ನಾನು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರಿಗೆ ಒಂದು ರೂಮು. ಕಾಲೇಜಿನ ಹಳೇ ರೂಮ್‌ಮೇಟ್ ಒಂದು ಲಿಂಕ್ ಕಳಿಸಿ, "ಇದನ್ನ ಕ್ರೋಮ್‌ನಲ್ಲೇ ತೆಗಿ, ಹೆಡ್‌ಫೋನ್ ಹಾಕ್ಕೋ" ಅಂದಿದ್ದ. ತೆಗೆದೆ. ಹಾಡು ಶುರುವಾಗುವ ಮೊದಲು ಪರದೆಯಲ್ಲಿ ಒಂದೇ ಒಂದು ಪ್ರಶ್ನೆ: ನೀವು ಬೆಳೆದ ಮನೆಯ ವಿಳಾಸ ಏನು?

ನಮ್ಮ ಮನೆಗೆ ವಿಳಾಸ ಅಂತ ಇರೋದು ಮನೆಯ ಹೆಸರು, ಊರು, ಅಂಚೆ, ಹೊಸನಗರ ತಾಲ್ಲೂಕು, ಇಷ್ಟೇ. ಬೀದಿಯೂ ಇಲ್ಲ, ನಂಬರೂ ಇಲ್ಲ. ಪೋಸ್ಟ್‌ಮ್ಯಾನ್ ಬಸ್ ಸ್ಟಾಪಿನ ಅಂಗಡಿಯಲ್ಲಿ ಕಾಗದ ಕೊಟ್ಟು ಹೋಗ್ತಾರೆ, ಅಲ್ಲಿಂದ ಯಾರಾದರೂ ತೋಟ ದಾಟಿ ತಂದುಕೊಡ್ತಾರೆ. ಊರಿನ ಹೆಸರು ಹಾಕಿದೆ. ಮೇಲಿನಿಂದ ತೆಗೆದ ಒಂದು ಹಸಿರು ಮಸುಕು ಬಂತು. ಅದು ಅಡಿಕೆ ತೋಟವೋ ಕಾಡೋ ನನಗೇ ಗೊತ್ತಾಗಲಿಲ್ಲ. ಬೀದಿಯಲ್ಲಿ ನಿಂತು ನೋಡಿದ ಹಾಗೆ ಕಾಣಬೇಕಾದ ಚಿತ್ರ ಇರಲೇ ಇಲ್ಲ. ಎರಡು ಸಲ ಪ್ರಯತ್ನಪಟ್ಟು, ಆಮೇಲೆ ನ್ಯೂಜೆರ್ಸಿಗೆ ಆನ್‌ಸೈಟ್ ಹೋಗಿದ್ದ ನಮ್ಮ ಟೀಮಿನವರೊಬ್ಬರ ಬಾಡಿಗೆ ಮನೆಯ ವಿಳಾಸ ಹಾಕಿದೆ. ತಕ್ಷಣ ಎಲ್ಲಾ ಸರಿಯಾಯ್ತು. ಒಂದರ ಮೇಲೊಂದು ಕಿಟಕಿಗಳು ತೆರೆದುಕೊಂಡವು. ಟೊಪ್ಪಿ ಇರುವ ಜರ್ಕಿನ್ ತೊಟ್ಟ ಒಬ್ಬ ಆ ಬೀದಿಯಲ್ಲಿ ಓಡಿದ, ಹಕ್ಕಿಗಳ ಹಿಂಡು ಹಾರಿತು, ರಸ್ತೆಯಿಂದ ಮರಗಳು ಎದ್ದು ಮನೆಗಳನ್ನು ಮುಚ್ಚಿದವು. ನಾನು ಯಾವತ್ತೂ ನೋಡಿರದ, ಯಾರೂ ಬೆಳೆದಿರದ ಬಾಡಿಗೆ ಮನೆ ನೋಡಿ ನನ್ನ ಕಣ್ಣು ಒದ್ದೆಯಾಯ್ತು. ಇದೆಂಥಾ ಅವಸ್ಥೆ ಅಂತ ಅವತ್ತೇ ಅನ್ನಿಸಿತ್ತು.

ಅದು ಕೆನಡಾದ ಮಾಂಟ್ರಿಯಲ್‌ನ ಆರ್ಕೇಡ್ ಫೈರ್ ಅನ್ನೋ ಬ್ಯಾಂಡಿನ 'ವಿ ಯೂಸ್ಡ್ ಟು ವೇಟ್' ಹಾಡಿಗೆ ಕ್ರಿಸ್ ಮಿಲ್ಕ್ ಅನ್ನುವ ನಿರ್ದೇಶಕ ಗೂಗಲ್‌ನವರ ಜೊತೆ ಸೇರಿ ಮಾಡಿದ 'ದಿ ವೈಲ್ಡರ್‌ನೆಸ್ ಡೌನ್‌ಟೌನ್'. ಇಂಡಿ ರಾಕ್ ವಿಡಿಯೋಗಳ ಬಗ್ಗೆ ಬರೆಯೋಕೆ ಕೂತಾಗಲೆಲ್ಲ ನನಗೆ ಆ ಖಾಲಿ ಜಾಗವೇ ಮೊದಲು ನೆನಪಾಗುತ್ತೆ.

ಇಂಡಿ ಅಂದರೆ ಇಂಡಿಪೆಂಡೆಂಟ್. ಶುರುವಿನಲ್ಲಿ ಅದು ರಾಗದ ಹೆಸರಾಗಿರಲಿಲ್ಲ, ವ್ಯವಹಾರದ ಹೆಸರಾಗಿತ್ತು. ಬ್ರಿಟನ್‌ನಲ್ಲಿ 1980ರಲ್ಲಿ ಇಂಡಿ ಚಾರ್ಟ್ ಅಂತ ಶುರುವಾದಾಗ ಅವರು ನೋಡುತ್ತಿದ್ದದ್ದು ಗಿಟಾರ್ ಹೇಗೆ ಕೇಳಿಸುತ್ತೆ ಅಂತಲ್ಲ. ಈ ರೆಕಾರ್ಡ್ ದೊಡ್ಡ ಕಂಪನಿಗಳ ವಿತರಣೆ ಇಲ್ಲದೆ ಅಂಗಡಿಗೆ ಬಂದಿದೆಯಾ ಅಂತ. ಬರಬರುತ್ತಾ ಅಂಥ ಬ್ಯಾಂಡುಗಳ ಸದ್ದಿಗೇ, ಬಟ್ಟೆಗೇ, ಅಷ್ಟೇನೂ ಪಳಗದ ದನಿಗೇ ಆ ಹೆಸರು ಅಂಟಿಕೊಂಡಿತು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಓಪನ್ ಸೋರ್ಸ್ ಅನ್ನೋದು ಲೈಸೆನ್ಸಿನ ಹೆಸರಾಗಿದ್ದದ್ದು ಕಪ್ಪು ಪರದೆ ಮೇಲೆ ಹಸಿರು ಅಕ್ಷರದ ಥೀಮಿಗೆ ಹೆಸರಾದ ಹಾಗೆ. ಲೈಸೆನ್ಸ್ ಬದಲಾದರೂ ಥೀಮ್ ಉಳಿಯುತ್ತೆ.

ವಿಡಿಯೋಗಳ ಕಥೆಯೂ ಇದೇ. ಎಂಟಿವಿ ಬಂದದ್ದು 1981ರಲ್ಲಿ. ಹೊಗೆ, ಲೈಟು, ಗಾಳಿಗೆ ಹಾರುವ ಕೂದಲು ಎಲ್ಲಾ ಅಲ್ಲಿತ್ತು. ಇದನ್ನು ಒಪ್ಪದವರು ಏನು ಮಾಡಬೇಕು? ಮಿನಿಯಾಪೊಲಿಸ್‌ನ ದಿ ರಿಪ್ಲೇಸ್‌ಮೆಂಟ್ಸ್ 1985ರ ಆಲ್ಬಮ್ಮಿನ 'ಬಾಸ್ಟರ್ಡ್ಸ್ ಆಫ್ ಯಂಗ್' ಹಾಡಿಗೆ ಒಂದು ವಿಡಿಯೋ ಕೊಟ್ಟರು. ಕಪ್ಪು ಬಿಳುಪಿನಲ್ಲಿ ಒಂದು ಸ್ಪೀಕರ್. ಹಾಡು ಪೂರ್ತಿ ಅದೇ. ಸೋಫಾ ಮೇಲೆ ಯಾರೋ ಕೂತು ಸಿಗರೇಟ್ ಸೇದುತ್ತಾನೆ, ಅವನ ಮುಖವೂ ಕಾಣಲ್ಲ. ಕೊನೆಗೆ ಎದ್ದು ಸ್ಪೀಕರಿಗೆ ಒದ್ದು ಹೋಗ್ತಾನೆ. ಬ್ಯಾಂಡ್ ಕಾಣೋದೇ ಇಲ್ಲ. ಇದಕ್ಕಿಂತ ಇಂಡಿ ಆದದ್ದು ಏನಿದೆ ಅಂತ ಕೇಳಬಹುದು. ಆದರೆ ಆ ಹೊತ್ತಿಗೆ ಅವರು ಸೇರಿದ್ದದ್ದು ವಾರ್ನರ್ ಕೈಕೆಳಗಿನ ಸೈರ್ ಕಂಪನಿಗೆ. ಲೈಸೆನ್ಸ್ ಆಗಲೇ ಬದಲಾಗಿತ್ತು ನೋಡಿ.

ಅಲ್ಲಿಂದ ಮುಂದೆ ಒಂದಷ್ಟು ರೂಢಿಗಳು ಬೇರುಬಿಟ್ಟವು. ನೀವೂ ಹತ್ತು ವಿಡಿಯೋ ನೋಡಿದರೆ ಪಟ್ಟಿ ಮಾಡಬಹುದು. ಒಂದು, ಸ್ಟಾರ್ ತರ ಕಾಣಬಾರದು. ಹಳೇ ಸ್ವೆಟರ್, ಕೆದರಿದ ತಲೆ. ಎರಡು, ಕೈಯಲ್ಲಿ ಮಾಡಿದ್ದು ಅನ್ನಿಸಬೇಕು. ರಟ್ಟು, ಬಣ್ಣದ ಕಾಗದ, ಆಟಿಕೆ. ದಿ ವೈಟ್ ಸ್ಟ್ರೈಪ್ಸ್‌ನ 'ಫೆಲ್ ಇನ್ ಲವ್ ವಿತ್ ಎ ಗರ್ಲ್' ಹಾಡಿಗೆ 2002ರಲ್ಲಿ ಮಿಶೆಲ್ ಗೊಂಡ್ರಿ ಲೆಗೋ ಇಟ್ಟಿಗೆ ಜೋಡಿಸಿ, ಒಂದೊಂದೇ ಫ್ರೇಮ್ ತೆಗೆದು ಮಾಡಿದ ವಿಡಿಯೋ ಇದಕ್ಕೆ ಒಳ್ಳೇ ಉದಾಹರಣೆ. ಮೂರು, ಕತ್ತರಿ ಹಾಕದ ಒಂದೇ ಶಾಟ್. ನಾಲ್ಕು, ಬಾಲ್ಯ, ಹಳೇ ಕ್ಯಾಮೆರಾದ ಕಾಳು ಕಾಳು ಚಿತ್ರ, ಸೈಕಲ್, ಸಂಜೆ ಬಿಸಿಲು, ಒಂದೇ ತರದ ಮನೆಗಳ ಬಡಾವಣೆ.

ಇದೆಲ್ಲ ದುಡ್ಡಿಲ್ಲದವರ ಜಾಣತನವಾಗಿ ಹುಟ್ಟಿದ್ದು. ದುಡ್ಡು ಬಂದ ಮೇಲೂ ಉಳಿಯಿತು. 2007ರಲ್ಲಿ ಫೈಸ್ಟ್ ಅನ್ನೋ ಕೆನಡಾದ ಗಾಯಕಿಯ '1234' ಅನ್ನುವ ಒಂದೇ ಶಾಟಿನ ಮುದ್ದಾದ ವಿಡಿಯೋ ಆಪಲ್‌ನ ಐಪಾಡ್ ನ್ಯಾನೋ ಜಾಹೀರಾತಾಯ್ತು. ಹಾಗಾದರೆ ಇವೆಲ್ಲ ನಾಟಕವಾ? ಇಲ್ಲಿ ನನ್ನ ಒಂದು ಹಳೇ ಹೊಟ್ಟೆಕಿಚ್ಚನ್ನು ಹೇಳಿಬಿಡಬೇಕು.

ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನನಗೆ ಈ ಬ್ಯಾಂಡುಗಳನ್ನು ಪೆನ್ ಡ್ರೈವಲ್ಲಿ ಕೊಟ್ಟ ಆ ರೂಮ್‌ಮೇಟ್ ಬೆಂಗಳೂರಿನವನು, ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಅವನು ಮಂಡಿ ಹರಿದ ಜೀನ್ಸ್, ಮಾಸಿದ ಟೀಶರ್ಟ್ ಹಾಕಿಕೊಂಡು ಸೆಮಿನಾರಿಗೆ ಬರ್ತಿದ್ದ. ನಾನು ರಾತ್ರಿಯೇ ಅಂಗಿಗೆ ಇಸ್ತ್ರಿ ಹಾಕಿ, ಮಡಿಕೆ ಕೆಡದ ಹಾಗೆ ಕುರ್ಚಿಗೆ ಹಾಕಿಟ್ಟು ಮಲಗ್ತಿದ್ದೆ. ದೊಡ್ಡಪ್ಪನ ಮಗನ ಹಳೇ ಪ್ಯಾಂಟು ನನಗೆ ಬಂದದ್ದು ಯಾರಿಗೂ ಗೊತ್ತಾಗಬಾರದು ಅಂತ ಹೊಲಿಗೆ ಬಿಚ್ಚಿಸಿ ಮತ್ತೆ ಹೊಲಿಸಿದ್ದೆ. ಇಬ್ಬರೂ ಹಳೇ ಬಟ್ಟೆಯೇ ಹಾಕಿದ್ದದ್ದು. ಅವನದು ಸ್ಟೈಲು, ನನ್ನದು ಗುಟ್ಟು. ಪೆವೆಮೆಂಟ್ ಬ್ಯಾಂಡಿನ ಹುಡುಗರು 'ಕಟ್ ಯುವರ್ ಹೇರ್' ಅನ್ನುವ 1994ರ ವಿಡಿಯೋದಲ್ಲಿ ಕಟಿಂಗ್ ಶಾಪಿನಲ್ಲಿ ಉದಾಸೀನವಾಗಿ ಕೂತಿರೋದನ್ನು ನೋಡಿದಾಗ ನನಗೆ ನಗುವೂ ಬಂದಿತ್ತು, ಸಿಟ್ಟೂ ಬಂದಿತ್ತು. 'ನನಗೇನೂ ಪರವಾಗಿಲ್ಲ' ಅನ್ನೋ ಮುಖ ಮಾಡೋಕೂ ಹಿಂದೆ ಒಂದಿಷ್ಟು ಗಟ್ಟಿ ಇರಬೇಕು. ಬಿದ್ದರೆ ಎತ್ತುವವರಿದ್ದಾರೆ ಅನ್ನೋದು ಗೊತ್ತಿದ್ದವನಿಗೆ ಮಾತ್ರ ಕೆದರಿದ ತಲೆ ಚಂದ.

ಈ ಸಿಟ್ಟಿನಲ್ಲೇ ನಿಂತುಬಿಟ್ಟಿದ್ದರೆ ನಾನು ಇಂಡಿ ಕೇಳೋದನ್ನೇ ಬಿಡುತ್ತಿದ್ದೆ. ಬಿಡಲಿಲ್ಲ. ಕಾರಣ ಓಕೆ ಗೋ.

ಓಕೆ ಗೋ ಕೂಡ ದೊಡ್ಡ ಕಂಪನಿಯ ಬ್ಯಾಂಡೇ. ಆಗ ಇಎಂಐ ಗುಂಪಿನಲ್ಲಿತ್ತು. 2006ರ 'ಹಿಯರ್ ಇಟ್ ಗೋಸ್ ಅಗೇನ್' ವಿಡಿಯೋದಲ್ಲಿ ನಾಲ್ವರು 8 ಟ್ರೆಡ್‌ಮಿಲ್‌ಗಳ ಮೇಲೆ ಕುಣೀತಾರೆ. ಗಾಯಕ ಡೇಮಿಯನ್ ಕುಲಾಶ್‌ನ ಅಕ್ಕ ಟ್ರಿಶ್ ಸೀ ಹೇಳಿಕೊಟ್ಟ ಕುಣಿತ. ಕ್ಯಾಮೆರಾ ಒಂದೇ ಕಡೆ, ಶಾಟ್ ಒಂದೇ. ಅದಕ್ಕೆ ಗ್ರ್ಯಾಮಿಯೂ ಬಂತು. ಯೂಟ್ಯೂಬಲ್ಲಿ ಅದು ಹಬ್ಬಿದ್ದು ಇದೇ ಜನ ಎಲ್ಲೆಂದರಲ್ಲಿ ಹಂಚಿಕೊಂಡದ್ದರಿಂದ. ಮುಂದೆ ಇಎಂಐ ತನ್ನ ವಿಡಿಯೋಗಳನ್ನು ಬೇರೆ ಸೈಟುಗಳಲ್ಲಿ ಹಾಕಿಕೊಳ್ಳದ ಹಾಗೆ ತಡೆದಾಗ ಕುಲಾಶ್ ಬಹಿರಂಗವಾಗಿ ತಕರಾರು ತೆಗೆದ. 2010ರಲ್ಲಿ ಅವರು ಆ ಕಂಪನಿ ಬಿಟ್ಟು ಸ್ವಂತ ಲೇಬಲ್ ಮಾಡಿಕೊಂಡರು. ಅದೇ ವರ್ಷದ 'ದಿಸ್ ಟೂ ಶಲ್ ಪಾಸ್' ವಿಡಿಯೋಗೆ ದುಡ್ಡು ಹಾಕಿದ್ದು ಸ್ಟೇಟ್ ಫಾರ್ಮ್ ಅನ್ನೋ ವಿಮಾ ಕಂಪನಿ. ಅಂದರೆ ಒಬ್ಬ ಯಜಮಾನನ ಬದಲು ಇನ್ನೊಬ್ಬ ಬಂದ.

ಆದರೂ ಟ್ರೆಡ್‌ಮಿಲ್ ವಿಡಿಯೋವನ್ನು ಮತ್ತೆ ನೋಡಿ. ಯಾವ ಕ್ಷಣದಲ್ಲಾದರೂ ಯಾರಾದರೂ ಮುಗ್ಗರಿಸಬಹುದು. ಒಂದು ಹೆಜ್ಜೆ ತಪ್ಪಿದರೆ ಮೊದಲಿಂದ ಮಾಡಬೇಕು. ಅವರ ಮುಖದಲ್ಲಿ ಉದಾಸೀನ ಇಲ್ಲ, ಎಣಿಕೆ ಇದೆ. ಈಗ ಎಡ, ಈಗ ಬಲ ಅಂತ ಒಳಗೇ ಲೆಕ್ಕ ಹಾಕೋದು ಕಾಣುತ್ತೆ. ನಮ್ಮೂರ ಬಯಲಲ್ಲಿ ಮೇಳದ ಆಟ ನೋಡಿ ಬೆಳೆದವನು ನಾನು. ಕುಣಿತದ ನಡುವೆ ಕಿರೀಟ ಸಡಿಲವಾದರೆ ವೇಷಧಾರಿ ಅಲ್ಲೇ, ತಾಳ ಬಿಡದೆ ಸಂಭಾಳಿಸಬೇಕು. ಭಾಗವತರಿಗೂ ಗೊತ್ತು, ಮುಂದೆ ಕೂತ ನಮಗೂ ಗೊತ್ತು. ಆ ಒಂದು ನಿಮಿಷ ಯಾರಿಗೂ ನಿದ್ದೆ ಬರ್ತಿರಲಿಲ್ಲ. ಆಫೀಸಿನಲ್ಲೂ ಹಾಗೇ ಅಲ್ವಾ? ಮೊದಲೇ ರೆಕಾರ್ಡ್ ಮಾಡಿದ ಡೆಮೋ ಬೇರೆ, ಕ್ಲೈಂಟ್ ಎದುರು ಲೈವ್ ಓಡಿಸೋ ಡೆಮೋ ಬೇರೆ. ಎರಡನೆಯದರಲ್ಲಿ ಬೆವರುತ್ತೆ.

ಹಾಗಾಗಿ ನಾನು ಈ ವಿಡಿಯೋಗಳನ್ನು ಯಾರ ದುಡ್ಡು ಅಂತ ಕೇಳಿ ಅಳೆಯೋದು ಬಿಟ್ಟೆ. ಇದು ನಮ್ಮ ಕಣ್ಣೆದುರು ಕೆಡಬಹುದಿತ್ತಾ ಅಂತ ಕೇಳ್ತೀನಿ. ಲೆಗೋ ಇಟ್ಟಿಗೆ ಜೋಡಿಸೋದರಲ್ಲಿ ಕೆಲಸ ಕೆಡಬಹುದು. ರಿಪ್ಲೇಸ್‌ಮೆಂಟ್ಸ್‌ನ ಸ್ಪೀಕರ್ ವಿಡಿಯೋದಲ್ಲಿ ನೋಡುವವನು ಚಾನೆಲ್ ಬದಲಿಸಿಬಿಡಬಹುದು. ಆ ಅಪಾಯವನ್ನು ಅವರು ಗೊತ್ತಿದ್ದೇ ಹೊತ್ತರು. ಆದರೆ ಹೊಸ ಕ್ಯಾಮೆರಾದಲ್ಲಿ ಚೆನ್ನಾಗಿ ತೆಗೆದ ಚಿತ್ರದ ಮೇಲೆ ಹಳೇ ವಿಎಚ್‌ಎಸ್ ಗೆರೆಗಳನ್ನು ಫಿಲ್ಟರ್ ಹಾಕಿ ತಂದರೆ ಅಲ್ಲಿ ಕೆಡೋದಕ್ಕೆ ಏನೂ ಇಲ್ಲ. ಅದು ರೂಮ್‌ಮೇಟಿನ ಹರಿದ ಜೀನ್ಸ್. ಅಂಗಡಿಯಲ್ಲೇ ಹರಿದು ಕೊಟ್ಟಿರ್ತಾರೆ.

ನಮ್ಮ ಕಡೆಯ ಇಂಡಿ ಹಾಡುಗಳ ವಿಡಿಯೋಗಳಿಗೂ ಇದೇ ಮಾತು. ಈಗೀಗ ಅವುಗಳಲ್ಲಿ ಹೆಂಚಿನ ಮನೆ, ಲಾಟೀನು, ಮಂಜು, ಅಂಗಳದಲ್ಲಿ ಕೂತ ಅಜ್ಜಿ ತುಂಬಾ ಸಿಗ್ತಾರೆ. ನೋಡೋಕೆ ಚಂದವೇ. ಆದರೆ ಮಲೆನಾಡಿನ ಯಾವ ಮನೆಯಲ್ಲಿ ನೀಲಿ ಟಾರ್ಪಾಲ್ ಇಲ್ಲ ಹೇಳಿ? ಡಿಶ್ ಬುಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಮೆತ್ತಿಕೊಂಡು ನೀಲಿಯಾದ ಗೋಡೆ ಇವೆಲ್ಲ ಫ್ರೇಮಿನಿಂದ ಆಚೆ. ಆ ನೀಲಿ ಟಾರ್ಪಾಲ್ ಬಂದರೆ ಚಿತ್ರ ಕೆಡುತ್ತೆ ಅನ್ನೋ ಭಯ. ಕೆಡಲಿ ಬಿಡಿ ಅನ್ನೋ ಧೈರ್ಯ ಬಂದ ದಿನ ನಾನು ಮೊದಲು ಶೇರ್ ಮಾಡ್ತೀನಿ.

ಹಾಗಾದರೆ ಆರ್ಕೇಡ್ ಫೈರ್‌ನ ಆ ಖಾಲಿ ಜಾಗ? ಇದರ ಬಗ್ಗೆ ನಾನು ಮನಸ್ಸು ಬದಲಿಸಿದ್ದೀನಿ. ಮೊದಲು ಬರೀ ಬೇಜಾರಾಗಿತ್ತು. ಆ ಹಾಡು ಇರುವ ಆಲ್ಬಮ್ಮಿನ ಹೆಸರೇ 'ದಿ ಸಬರ್ಬ್ಸ್'. ಗಾಯಕ ವಿನ್ ಬಟ್ಲರ್ ಹ್ಯೂಸ್ಟನ್ ಹೊರಗಿನ ಬಡಾವಣೆಯಲ್ಲಿ ಬೆಳೆದವನು. ಮನೆ ಅಂದರೆ ಬೀದಿಗೆ ಮುಖ ಮಾಡಿ ನಿಂತದ್ದು, ನಂಬರ್ ಇರುವಂಥದ್ದು, ಕ್ಯಾಮೆರಾ ಕಾರು ಮುಂದೆ ಹಾದುಹೋಗಬಲ್ಲದ್ದು ಅನ್ನೋದು ಆ ಲೋಕದ ನಂಬಿಕೆ. ನಾಲ್ಕನೇ ರೂಢಿ ಅಂದೆನಲ್ಲ, ಬಾಲ್ಯ, ಅದು ಎಲ್ಲರ ಬಾಲ್ಯ ಅಲ್ಲ. ಒಂದು ತರದ ರಸ್ತೆಯ ಬಾಲ್ಯ. ಇದನ್ನು ನೂರು ವಿಡಿಯೋ ನೋಡಿದರೂ ನಾನು ಗಮನಿಸಿರಲಿಲ್ಲ. ಆ ಹಸಿರು ಮಸುಕು ಬಂದಾಗ ಗೊತ್ತಾಯ್ತು. ಬೇರೆ ವಿಡಿಯೋಗಳು ನನ್ನನ್ನು ಕೇಳದೆಯೇ ಅವರ ಸೈಕಲ್, ಅವರ ಸಂಜೆಯನ್ನು ನನ್ನದು ಅಂತ ನಂಬಿಸಿದ್ದವು. ಇದು ಕೇಳಿತು. ಕೇಳಿದ್ದರಿಂದಲೇ ಸಿಕ್ಕಿಬಿತ್ತು. ನನ್ನ ಅಳತೆಗೋಲಿನಲ್ಲಿ ನೋಡಿದರೆ, ನಿಜವಾಗಿ ನನ್ನ ಕಣ್ಣೆದುರೇ ಕೆಟ್ಟ ಒಂದೇ ಒಂದು ಇಂಡಿ ವಿಡಿಯೋ ಇದು. ಕೆಡುವ ಜಾಗವನ್ನು ತೆರೆದಿಟ್ಟ ಅದನ್ನು ನಾನು ಈಗ ಮೆಚ್ಚುತ್ತೀನಿ, ಮಾಡಿದವರಿಗೆ ಆ ಉದ್ದೇಶ ಇರಲಿಲ್ಲ ಅನ್ನೋದು ಗೊತ್ತಿದ್ದೂ.

ಆ ವಿಡಿಯೋದ ನಡುವೆ ಇನ್ನೊಂದು ಕೇಳ್ತಾರೆ: ಚಿಕ್ಕವರಿದ್ದ ನಿಮಗೇ ಒಂದು ಪೋಸ್ಟ್‌ಕಾರ್ಡ್ ಬರೆಯಿರಿ. ಅಲ್ಲಿ ಮೌಸ್ ಹಿಡಿದು ಗೀಚಬಹುದಿತ್ತು, ಹಾಗಾಗಿ ಕನ್ನಡದಲ್ಲೇ ಬರೆಯೋಕಾಯ್ತು. ಸೊಟ್ಟ ಅಕ್ಷರದಲ್ಲಿ ಮನೆಯ ಹೆಸರು, ಊರು, ಅಂಚೆ, ತಾಲ್ಲೂಕು ಬರೆದೆ. ಅಷ್ಟಕ್ಕೇ ಜಾಗ ತುಂಬಿತು. ಹಿಂದೆ ನ್ಯೂಜೆರ್ಸಿಯ ಬೀದಿಯಲ್ಲಿ ಮರಗಳು ಬೆಳೀತಾನೇ ಇದ್ದವು.

ಅಂಗಿಗೆ ಈಗಲೂ ರಾತ್ರಿಯೇ ಇಸ್ತ್ರಿ ಹಾಕ್ತೀನಿ.